ಪಾಠದ ವಿಷಯ ಮಕ್ಕಳನ್ನು ಕೇಳಿದವರುಂಟೆ?

ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮನೆಯ ಮಗು ಹೇಳಿದರೆ ತಾಯಿ ಕಿವಿಗೊಡುತ್ತಾಳೆ. ಅಂಗಿ ಕಂಕುಳಲ್ಲಿ ಬಿಗಿಯುತ್ತದೆ ಎಂದರೆ ದರ್ಜಿ ಮತ್ತೆ ಅಳತೆ ಹಿಡಿಯುತ್ತಾನೆ. ಆದರೆ ದಿನಕ್ಕೆ ಐದಾರು ಗಂಟೆಗಳಂತೆ ಹತ್ತು ವರ್ಷಗಳ ಕಾಲ ತನಗೆ ಬಡಿಸುತ್ತಿರುವ ಪಾಠದ ರುಚಿ ಹೇಗಿದೆಯೆಂದು ಅದೇ ಮಗುವನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪಾಠಪಟ್ಟಿಯನ್ನು ಗೊತ್ತುಮಾಡಲು ಸಮಿತಿಗಳಿವೆ; ಸಮಿತಿಗಳಲ್ಲಿ ಪಂಡಿತರಿದ್ದಾರೆ, ಅಧಿಕಾರಿಗಳಿದ್ದಾರೆ. ಪುಸ್ತಕ ಬಂದ ಮೇಲೆ ಅದನ್ನು ಕುರಿತು ಜಗಳವಾಡಲು ಪತ್ರಿಕೆಗಳಿವೆ, ಪಕ್ಷಗಳಿವೆ. ಓದಬೇಕಾದವನು ಮಾತ್ರ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿರುತ್ತಾನೆ.

ಈ ಪ್ರಶ್ನೆಯನ್ನು ಎತ್ತಿಕೊಂಡು ಹೊರಟವರು ಕೋಟದ ಕಡೆಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಾಲಿಗ್ರಾಮವನ್ನು ದಾಟಿದೊಡನೆ ಸಿಗುವ ಊರು ಅದು. ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆಬಯಲು. ಈಗ ಅದು ಬ್ರಹ್ಮಾವರ ತಾಲೂಕಿಗೆ ಸೇರಿದೆ. ಓದಿನಲ್ಲಿ ಈ ಸೀಮೆಯನ್ನು ಹಿಂದುಳಿದದ್ದೆಂದು ಯಾರೂ ಹೇಳಲಾರರು. ೨೦೨೪ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಇಡೀ ರಾಜ್ಯದ ಫಲಿತಾಂಶ ಶೇಕಡ ೭೩.೪೦ ಆಗಿದ್ದಾಗ ಉಡುಪಿ ಜಿಲ್ಲೆ ಶೇಕಡ ೯೪ನ್ನು ಪಡೆದು ಮೊದಲ ಸ್ಥಾನದಲ್ಲಿ ನಿಂತಿತು. ಅಂಕಗಳೇ ಶಾಲೆಯ ಅಳತೆಯಾಗಿದ್ದರೆ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ವಿಚಿತ್ರವೆಂದರೆ, ಶಾಲೆಯನ್ನು ಕುರಿತು ಕನ್ನಡದಲ್ಲಿ ಅತ್ಯಂತ ಖಾರವಾಗಿ ಮಾತನಾಡಿದ ವಿದ್ಯಾರ್ಥಿ ಹುಟ್ಟಿದ್ದೂ ಇದೇ ಕೋಟದಲ್ಲಿ. ಜಗತ್ತಿನ ನಾನಾ ದೇಶಗಳ ಬಡ ಮಕ್ಕಳು ಒಟ್ಟಿಗೆ ಕುಳಿತು ತಮಗೆ ಬೇಕಾದ ವಿದ್ಯೆ ಎಂಥದೆಂದು ಬರೆದಿಟ್ಟದ್ದೂ ಅಲ್ಲಿಂದ ನಾಲ್ಕಾರು ಹರದಾರಿಯೊಳಗಿನ ಕುಂದಾಪುರದಲ್ಲಿಯೇ.

ಮೊದಲು ಆ ವಿದ್ಯಾರ್ಥಿಯ ವಿಚಾರ.

ಕಾಲೇಜು ಬಿಟ್ಟ ಹುಡುಗ

ಶಿವರಾಮ ಕಾರಂತರು ೧೯೦೨ನೆಯ ಇಸವಿ ಅಕ್ಟೋಬರ್ ೧೦ರಂದು ಕೋಟದಲ್ಲಿ ಹುಟ್ಟಿದರು. ಊರ ಶಾಲೆಯಲ್ಲಿ ಅಕ್ಷರ, ಕುಂದಾಪುರದಲ್ಲಿ ಹೈಸ್ಕೂಲು, ಮಂಗಳೂರಿನಲ್ಲಿ ಕಾಲೇಜು — ಆ ಕಾಲದ ಅನುಕೂಲಸ್ಥ ಮನೆಯ ಹುಡುಗನಿಗೆ ಹಾಸಿಟ್ಟ ದಾರಿ ಇದು. ಗಾಂಧೀಜಿಯವರ ಅಸಹಕಾರದ ಕರೆ ಬಂದಾಗ ಅವರು ಕಾಲೇಜನ್ನು ಬಿಟ್ಟರು. ಮತ್ತೆ ಆ ಕಡೆಗೆ ತಲೆಹಾಕಲಿಲ್ಲ. ದೇಶಕ್ಕಾಗಿ ಕಾಲೇಜು ಬಿಟ್ಟ ಹುಡುಗರು ಆಗ ಸಾವಿರಾರು ಮಂದಿ ಇದ್ದರು. ಅವರಲ್ಲಿ ಎಷ್ಟೋ ಮಂದಿ ಚಳವಳಿಯ ಕಾವು ಇಳಿದ ಮೇಲೆ ಹಿಂದಿರುಗಿ ಪರೀಕ್ಷೆಗೆ ಕಟ್ಟಿದರು. ಕಾರಂತರು ಹಾಗೆ ಮಾಡದೆ ಉಳಿದದ್ದಕ್ಕೆ ರಾಜಕೀಯವೊಂದೇ ಕಾರಣವಾಗಿರಲಾರದು. ಅವರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ೧೯೪೮ರಲ್ಲಿ ಹೊರಬಂತು. ಅದನ್ನೋದಿದವರಿಗೆ, ಈ ಮನುಷ್ಯನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಶಾಲೆಯ ಗೋಡೆಯ ಹೊರಗೆ ಕಲಿತದ್ದೆಂಬುದು ಮನದಟ್ಟಾಗದೆ ಇರದು. ಮುಂದೆ ಹಲವು ವಿಶ್ವವಿದ್ಯಾಲಯಗಳು ಆತನನ್ನು ಕರೆದು ಗೌರವ ಡಾಕ್ಟರೇಟ್ ಕೊಟ್ಟವು. ಪದವಿಯಿಲ್ಲದವನಿಗೆ ಪದವಿಗಳ ರಾಶಿ!

ಶಾಲೆಯನ್ನು ಬೈಯುವುದು ಸುಲಭ. ಅದಕ್ಕೆ ಬದಲು ಏನು ಕೊಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರ ಬಾಯಿ ಕಟ್ಟುತ್ತದೆ. ಕಾರಂತರ ಹೆಚ್ಚುಗಾರಿಕೆ ಇಲ್ಲಿದೆ. ಪುತ್ತೂರಿನಲ್ಲಿ ನೆಲೆಸಿ ‘ಬಾಲವನ’ವನ್ನು ಕಟ್ಟಿ, ಮಕ್ಕಳನ್ನು ಆಟ, ಕುಣಿತ, ನಾಟಕ, ಚಿತ್ರಗಳ ದಾರಿಯಲ್ಲಿ ಕರೆದೊಯ್ಯುವ ಪ್ರಯೋಗಕ್ಕೆ ಅವರು ಕೈಹಾಕಿದರು. ಪರೀಕ್ಷೆಯ ಪ್ರಶ್ನೆಗೆ ಉತ್ತರವಾಗುವ ಪುಸ್ತಕಕ್ಕಿಂತ ಮಗುವಿನ ಪ್ರಶ್ನೆಗೆ ಉತ್ತರವಾಗುವ ಪುಸ್ತಕ ಬೇಕೆಂದು ೧೯೩೬ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಕನ್ನಡದಲ್ಲಿ ದೊಡ್ಡವರಿಗೇ ಒಂದು ವಿಶ್ವಕೋಶವಿಲ್ಲದ ಕಾಲದಲ್ಲಿ ಮಕ್ಕಳಿಗೆ ಒಂದು ವಿಶ್ವಕೋಶ! ಎರಡು ದಶಕಗಳ ಅನಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೂ ಬಂತು. ಒಬ್ಬನೇ ಕುಳಿತು ಇಷ್ಟನ್ನೂ ಬರೆಯುವುದೆಂದರೆ, ತನ್ನ ಬಾಲ್ಯದಲ್ಲಿ ದೊರೆಯದೆ ಹೋದದ್ದನ್ನು ಮುಂದಿನವರಿಗಾದರೂ ದೊರಕಿಸಿಕೊಡುವ ಹಟವಲ್ಲದೆ ಮತ್ತೇನು? ಸ್ವಂತ ಮಕ್ಕಳಿಗೂ ಮೊದಲ ವರ್ಷಗಳಲ್ಲಿ ಮನೆಯೇ ಪಾಠಶಾಲೆಯಾಗಿತ್ತು. ಆ ಮಕ್ಕಳಲ್ಲಿ ಮೂವರು, ದೊಡ್ಡವರಾಗಿ ತಮ್ಮ ತಮ್ಮ ಕ್ಷೇತ್ರಗಳಲ್ಲಿ ಹೆಸರು ಮಾಡಿದ ಮೇಲೆ, ಬಾಲವನದ ಬಾಲ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ೨೦೨೧ರಲ್ಲಿ ಪ್ರಕಟಿಸಿದ್ದಾರೆ. ತಂದೆಯ ಪ್ರಯೋಗಕ್ಕೆ ಒಳಗಾದ ಮಕ್ಕಳೇ ಅದರ ವಿಚಾರವನ್ನು ಹೇಳುವುದು ಎಲ್ಲ ಪ್ರಯೋಗಶೀಲರಿಗೂ ಲಭಿಸುವ ಭಾಗ್ಯವಲ್ಲ, ಧೈರ್ಯವೂ ಅಲ್ಲ.

ಅದಕ್ಕೂ ಮಿಗಿಲಾಗಿ ‘ಮರಳಿ ಮಣ್ಣಿಗೆ’ ಇದೆ. ೧೯೪೧ರ ಈ ಕಾದಂಬರಿಯನ್ನು ಮೂರು ತಲೆಮಾರಿನ ಸಂಸಾರದ ಕಥೆಯೆಂದು ಓದಿ ಕಣ್ಣೀರು ಹಾಕಿದವರು ಬಹಳ. ಅದನ್ನು ಇಂಗ್ಲಿಷ್ ಶಾಲೆಯ ಕಥೆಯೆಂದೂ ಒಮ್ಮೆ ಓದಿ ನೋಡಬೇಕು. ಕೋಡಿಯ ಮರಳದಂಡೆಯ ರಾಮ ಐತಾಳರು ಹೊಟ್ಟೆಬಟ್ಟೆ ಕಟ್ಟಿ ಮಗ ಲಚ್ಚನನ್ನು ಇಂಗ್ಲಿಷ್ ಓದಿಗೆ ಪೇಟೆಗೆ ಕಳುಹಿಸುತ್ತಾರೆ. ಮಗನಿಗೆ ಓದಿನೊಡನೆ ಮನೆಯ ಮೇಲೆ ನಾಚಿಕೆಯೂ ಹತ್ತುತ್ತದೆ. ಮೊಮ್ಮಗ ರಾಮನು ಪದವೀಧರನಾಗಿ ಕೆಲಸಕ್ಕಾಗಿ ಊರೂರು ಅಲೆದು, ಕೊನೆಗೆ ಅಜ್ಜ ಬಿಟ್ಟುಹೋದ ನೆಲಕ್ಕೇ ಬಂದು ನಿಲ್ಲುತ್ತಾನೆ. ಗದ್ದೆಯಲ್ಲಿ ದುಡಿದು ಮೈ ಸವೆಸಿದ ಹೆಂಗಸರಿಗೆ ತಿಳಿದಿದ್ದ ಯಾವುದೊಂದೂ ಈ ಹುಡುಗರ ಪಾಠಪಟ್ಟಿಯಲ್ಲಿರಲಿಲ್ಲ — ಕಾದಂಬರಿಕಾರನು ಇದನ್ನು ಭಾಷಣವಾಗಿ ಹೇಳದೆ ಸಂಸಾರವನ್ನೇ ಮುಂದಿಟ್ಟು ತೋರಿಸಿದ್ದಾನೆ.

ಆದರೂ ಒಂದು ಮಾತನ್ನು ಹೇಳಲೇಬೇಕು. ಶಾಲೆಯನ್ನು ಬಿಟ್ಟು ತಾನೇ ಕಲಿಯಬಲ್ಲ ಹುಡುಗ ಲಕ್ಷಕ್ಕೊಬ್ಬ. ಮನೆಯಲ್ಲಿ ಪುಸ್ತಕವಿಲ್ಲದ, ಹೇಳಿಕೊಡಲು ಓದುಬಲ್ಲ ತಂದೆಯಿಲ್ಲದ ಉಳಿದ ಮಕ್ಕಳಿಗೆ ಇರುವುದೊಂದೇ ದೋಣಿ, ಅದು ಊರ ಶಾಲೆ. ಅದರಲ್ಲಿ ತೂತಿದ್ದರೆ ಮುಚ್ಚಬೇಕೇ ಹೊರತು ನೀರಿಗೆ ಹಾರೆನ್ನುವುದು ಉಪದೇಶವಾಗಲಾರದು. ಕಾರಂತರ ಟೀಕೆಯನ್ನು ಮೆಚ್ಚಿಕೊಂಡು ತಮ್ಮ ಮಕ್ಕಳನ್ನು ಮಾತ್ರ ಅತ್ಯಂತ ದುಬಾರಿ ಶಾಲೆಗೆ ಸೇರಿಸುವ ಪೇಟೆಯ ಸಭ್ಯರು ಇದನ್ನು ನೆನಪಿಡಬೇಕು.

ಮನೆಯ ಮಾತು, ಮಾಸ್ತರರ ಮಾತು

ಕೋಟದ ಮಗುವಿಗೆ ಶಾಲೆಯಲ್ಲಿ ಎದುರಾಗುವ ಮೊದಲ ತೊಡಕು ಗಣಿತವಲ್ಲ, ಕನ್ನಡ. ಕೇಳಿದವರಿಗೆ ನಗು ಬಂದೀತು. ಕನ್ನಡದ ಮಗುವಿಗೆ ಕನ್ನಡ ತೊಡಕೆ? ಆ ಸೀಮೆಯ ಮನೆಮಾತಾದ ಕುಂದಗನ್ನಡದಲ್ಲಿ ಬರುವುದು ‘ಬಪ್ಪುದು’, ಹೋಗುವುದು ‘ಹೋಪುದು’. ಏಕೆ ಎಂಬುದು ‘ಎಂತಕ್ಕೆ’. ಈ ಮಾತುಗಳೊಡನೆ ಬೆಳೆದ ಮಗು ಆರನೆಯ ವಯಸ್ಸಿನಲ್ಲಿ ಶಾಲೆಗೆ ಬಂದು ‘ಬಪ್ಪುದು’ ಎಂದರೆ ತಪ್ಪೆನಿಸಿಕೊಳ್ಳುತ್ತದೆ. ನಾಲ್ಕು ದಿನಗಳಲ್ಲಿ ಮಗುವಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ತಾಯಿ ಆಡುವ ಮಾತು ಶಾಲೆಗೆ ಸಲ್ಲದು. ಆಮೇಲೆ ಅದು ಬಾಯಿ ಬಿಡುವುದನ್ನೇ ಕಡಿಮೆ ಮಾಡುತ್ತದೆ. ನಾವು ಅದನ್ನು ‘ಒಳ್ಳೆಯ ಶಿಸ್ತಿನ ಹುಡುಗ’ ಎನ್ನುತ್ತೇವೆ.

ಇಲ್ಲಿ ವಿನೋದವೊಂದಿದೆ. ಅದೇ ಹುಡುಗನು ಹೈಸ್ಕೂಲಿಗೆ ಬಂದು ನಡುಗನ್ನಡದ ಕಾವ್ಯವನ್ನು ಓದತೊಡಗಿದಾಗ ‘ಬಪ್ಪ’ ಎಂಬ ರೂಪ ಪದ್ಯದಲ್ಲಿ ಎದುರಾಗುತ್ತದೆ. ಅರ್ಥವನ್ನು ಪುಸ್ತಕದ ಕೊನೆಯ ಪುಟದಲ್ಲಿ ಹುಡುಕು ಎನ್ನುತ್ತಾರೆ. ಕೆಳಗಿನ ತರಗತಿಯಲ್ಲಿ ತಪ್ಪೆನಿಸಿದ್ದು ಮೇಲಿನ ತರಗತಿಯಲ್ಲಿ ವ್ಯಾಕರಣವಾಯಿತು! ಮೈಸೂರು, ಧಾರವಾಡಗಳ ಹುಡುಗನು ಕಷ್ಟಪಟ್ಟು ಉರುಹೊಡೆಯುವ ರೂಪವನ್ನು ಕೋಟದ ಹುಡುಗನು ಹಾಲಿನೊಡನೆ ಕುಡಿದಿದ್ದಾನೆ. ಅದನ್ನು ಅವನಿಗೆ ತಿಳಿಸಿಕೊಡುವವರಿಲ್ಲ. ಇತ್ತೀಚಿನ ವರ್ಷಗಳಲ್ಲಿ ಆಸಾಡಿ ಅಮಾಸೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಆಚರಿಸುತ್ತ ಆ ಮಾತಿನ ಮೇಲಣ ನಾಚಿಕೆ ಸ್ವಲ್ಪ ಹರಿದಿದೆ. ಆದರೆ ಹಬ್ಬದ ಮಾತು ಬೇರೆ, ಒಂದನೆಯ ತರಗತಿಯ ಬೆಳಗಿನ ಪಾಠ ಬೇರೆ.

ಕುಂದಾಪುರದಲ್ಲಿ ಬರೆದ ಹತ್ತು ಮಾತು

ಈಗ ಮಕ್ಕಳೇ ಬಾಯಿಬಿಟ್ಟು ಹೇಳಿದ ವಿಚಾರಕ್ಕೆ ಬರೋಣ. ೧೯೯೬ರ ನವೆಂಬರ್ ಕೊನೆ ಮತ್ತು ಡಿಸೆಂಬರ್ ಮೊದಲ ದಿನಗಳಲ್ಲಿ ಕುಂದಾಪುರದಲ್ಲಿ ಅಪರೂಪದ ಸಭೆಯೊಂದು ಸೇರಿತು. ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕ ಖಂಡಗಳ ಮೂವತ್ತರಷ್ಟು ದೇಶಗಳಿಂದ ಬಂದ ಪ್ರತಿನಿಧಿಗಳು. ಎಲ್ಲರೂ ದುಡಿದು ತಿನ್ನುವ ಮಕ್ಕಳು. ನಮ್ಮ ಕಡೆಯಿಂದ, ಕರ್ನಾಟಕದಲ್ಲಿ ೧೯೯೦ರಲ್ಲಿ ಹುಟ್ಟಿದ ‘ಭೀಮ ಸಂಘ’ದ ಮಕ್ಕಳಿದ್ದರು. ಸಭೆಯ ಕೊನೆಗೆ ಅವರು ಹತ್ತು ಅಂಶಗಳ ಘೋಷಣೆಯೊಂದನ್ನು ಹೊರಡಿಸಿದರು. ಮಕ್ಕಳ ದುಡಿಮೆಯ ಪ್ರಶ್ನೆಯನ್ನು ಚರ್ಚಿಸುವ ಕಡೆಯಲ್ಲೆಲ್ಲ ‘ಕುಂದಾಪುರ ಘೋಷಣೆ’ ಎಂಬ ಹೆಸರು ಇಂದಿಗೂ ಕೇಳಿಬರುತ್ತದೆ. ಕುಂದಾಪುರದವರೇ ಅನೇಕರು ಅದನ್ನು ಕೇಳಿಲ್ಲವೆಂಬುದು ಬೇರೆ ಮಾತು.

ಆ ಹತ್ತರಲ್ಲಿ ಒಂದು ಅಂಶ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಕಲಿಸುವ ವಿಷಯವೂ ಕಲಿಸುವ ಕ್ರಮವೂ ನಮ್ಮ ಬಾಳಿಗೆ ಹೊಂದುವಂತಹ ವಿದ್ಯಾಭ್ಯಾಸ ನಮಗೆ ಬೇಕು ಎಂಬುದು ಅದರ ತಾತ್ಪರ್ಯ. ಇನ್ನೊಂದು, ನಮ್ಮನ್ನು ಕುರಿತ ತೀರ್ಮಾನಗಳಲ್ಲಿ ನಮ್ಮನ್ನೂ ಕೇಳಿ ಎಂಬುದು. ಮಕ್ಕಳ ದುಡಿಮೆಯ ವಿಚಾರದಲ್ಲಿ ಘೋಷಣೆಯ ನಿಲುವನ್ನು ಎಲ್ಲರೂ ಒಪ್ಪುವುದಿಲ್ಲ. ಮರ್ಯಾದೆಯ ಕೆಲಸವೂ ಇರಲಿ, ಓದೂ ಇರಲಿ ಎಂಬ ಮಾತನ್ನು ಕಾನೂನಿನವರು ಹೇಗೆ ಒಪ್ಪಿಯಾರು? ನನಗೂ ಅದರಲ್ಲಿ ಪೂರ್ತಿ ಸಮಾಧಾನವಿಲ್ಲ. ಆದರೆ ಶಾಲೆಯ ಬಗ್ಗೆ ಅವರು ಹೇಳಿದ್ದಕ್ಕೆ ಎದುರು ಹೇಳುವುದು ಕಷ್ಟ. ಶಾಲೆಯ ದೋಷಗಳನ್ನು ಅದರೊಳಗೆ ಸುಖವಾಗಿ ಕುಳಿತವರಿಗಿಂತ ಅದರಿಂದ ಹೊರಬಿದ್ದವರು ಚೆನ್ನಾಗಿ ಬಲ್ಲರು. ‘ಶಾಲೆ ಬಿಟ್ಟ ಮಕ್ಕಳು’ ಎಂದು ವರದಿಗಳಲ್ಲಿ ಬರೆಯುತ್ತೇವೆ. ಶಾಲೆಯೇ ಕೈಬಿಟ್ಟ ಮಕ್ಕಳು ಎಂದು ಬರೆಯುವ ಅಂಕಣ ಆ ವರದಿಯಲ್ಲಿಲ್ಲ.

ಅದೇ ಕಾಲಕ್ಕೆ ಕುಂದಾಪುರ ತಾಲೂಕಿನ ಕೆರಾಡಿಯೇ ಮೊದಲಾದ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿಗಳು ಹುಟ್ಟಿಕೊಂಡವು. ಮಕ್ಕಳೇ ಚುನಾವಣೆ ನಡೆಸಿ, ಮಕ್ಕಳನ್ನೇ ಆರಿಸಿ, ಮನೆಮನೆಗೆ ಹೋಗಿ ಲೆಕ್ಕ ಬರೆದು, ಹಿರಿಯರ ಪಂಚಾಯತಿಯ ಮುಂದಿಟ್ಟರು. ಮಗು ಏಕೆ ಶಾಲೆಗೆ ಬರುವುದಿಲ್ಲವೆಂದು ದೊಡ್ಡವರು ಕೇಳಿದಾಗ ‘ಪಾಲಕರ ಅಜ್ಞಾನ’ ಎಂಬ ಉತ್ತರ ಸಿಗುತ್ತಿತ್ತು. ಮಕ್ಕಳು ಲೆಕ್ಕ ಬರೆದಾಗ ಸಿಕ್ಕಿದ್ದು ಬೇರೆ: ದಾರಿಯಲ್ಲಿ ಹೊಳೆಯಿದೆ, ಹೊಳೆಗೆ ಸಂಕವಿಲ್ಲ.

ಘಟ್ಟದ ಕೆಳಗಿನ ಮಳೆಯನ್ನು ಕಾಣದ ಬೆಂಗಳೂರಿನ ಓದುಗರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚು ಕಡಿಮೆ ಒಟ್ಟಿಗೇ. ಬೇಸಗೆಯಲ್ಲಿ ಜಿಗಿದು ದಾಟುವ ತೋಡು ಆಷಾಢದಲ್ಲಿ ಎದೆಮಟ್ಟ ಹರಿಯುತ್ತದೆ. ಅದರ ಮೇಲೆ ಎರಡೋ ಮೂರೋ ಅಡಕೆಮರಗಳನ್ನು ಅಡ್ಡ ಹಾಕಿದರೆ ಅದೇ ಕಾಲುಸಂಕ. ಪಾಚಿ ಹಿಡಿದ ಆ ಮರದ ಮೇಲೆ, ಒಂದು ಕೈಯಲ್ಲಿ ಕೊಡೆ, ಬೆನ್ನಿಗೆ ಪುಸ್ತಕದ ಚೀಲ. ಮಕ್ಕಳ ಪಂಚಾಯತಿಗಳು ಬೆನ್ನುಹತ್ತಿದ ಮೇಲೆ ಕೆಲವೆಡೆ ಗಟ್ಟಿ ಸಂಕಗಳಾದವು. ಎಲ್ಲ ಕಡೆಯೂ ಆಗಲಿಲ್ಲ. ೨೦೨೨ರ ಮಳೆಗಾಲದಲ್ಲಿಯೂ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಬೋಧನಕ್ರಮದ ಚರ್ಚೆಯಲ್ಲಿ ಸಂಕದ ಮಾತೇಕೆ ಎಂದು ಕೇಳುವವರುಂಟು. ತರಗತಿಗೆ ಮಗು ಬಂದು ಮುಟ್ಟಿದ ಮೇಲಲ್ಲವೆ ಬೋಧನೆ?

ಮಕ್ಕಳಿಗಾಗಿ ಗ್ರಾಮಸಭೆ ನಡೆಸಬೇಕೆಂಬ ಕ್ರಮ ಆಮೇಲೆ ಇಡೀ ಕರ್ನಾಟಕಕ್ಕೆ ಹಬ್ಬಿತು. ಅಂತಹ ಸಭೆಗಳ ವರದಿಗಳನ್ನು ಪತ್ರಿಕೆಗಳಲ್ಲಿ ಓದುತ್ತ ಬಂದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಶೌಚಾಲಯ, ಆಟದ ಬಯಲು, ಬಸ್ಸು, ಬೀದಿನಾಯಿ — ಇವನ್ನು ಮಕ್ಕಳು ಧಾರಾಳವಾಗಿ ಕೇಳುತ್ತಾರೆ. ಪಾಠದ ವಿಷಯ ಬಂದರೆ ಸಭೆ ಮೌನ. ಹೇಗೆ ಹೇಳಿಯಾರು? ಪಾಠ ಹೇಳುವ ಉಪಾಧ್ಯಾಯರು ಅದೇ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿರುತ್ತಾರೆ. ನಾಳೆ ಬೆಳಗ್ಗೆ ಮತ್ತೆ ಅವರ ಮುಂದೆಯೇ ಕುಳಿತುಕೊಳ್ಳಬೇಕು.

ಬೇರೆ ದೇಶದ ಇಬ್ಬಗೆ

ಈ ಮೌನವನ್ನು ಮುರಿದ ಕೆಲವು ಹುಡುಗರು ಇಟಲಿಯಲ್ಲಿದ್ದರು. ಫ್ಲಾರೆನ್ಸಿನ ಬಳಿಯ ಗುಡ್ಡಗಾಡಿನ ಬಾರ್ಬಿಯಾನ ಎಂಬ ಕುಗ್ರಾಮದಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ, ಸರಕಾರಿ ಶಾಲೆಗಳಲ್ಲಿ ನಪಾಸಾಗಿ ಹೊರಬಿದ್ದ ರೈತಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳುತ್ತಿದ್ದನು. ಅವರಲ್ಲಿ ಎಂಟು ಮಂದಿ ಹುಡುಗರು ಸೇರಿ, ತಮ್ಮನ್ನು ನಪಾಸು ಮಾಡಿದ ಉಪಾಧ್ಯಾಯಿನಿಯನ್ನು ಕುರಿತು ಒಂದು ದೀರ್ಘ ಪತ್ರ ಬರೆದರು. ೧೯೬೭ರಲ್ಲಿ ಅದು ಪುಸ್ತಕವಾಗಿ ಬಂದಾಗ ಇಟಲಿಯಲ್ಲೆಲ್ಲ ಕೋಲಾಹಲವಾಯಿತು. ಆ ಹುಡುಗರು ಬರಿದೆ ಬೈಯಲಿಲ್ಲ. ಯಾರ ಮಕ್ಕಳು ಎಷ್ಟು ಮಂದಿ ಪಾಸಾದರು, ಯಾರ ಮಕ್ಕಳು ಎಲ್ಲಿ ಉದುರಿದರು ಎಂದು ಅಂಕಿಅಂಶಗಳನ್ನು ಕಲೆಹಾಕಿ ಕೋಷ್ಟಕ ಮಾಡಿ ತೋರಿಸಿದರು. ಗಣಿತ ಬಾರದವರೆಂದು ಹೊರದೂಡಿಸಿಕೊಂಡವರು ಶಾಲೆಗೇ ಲೆಕ್ಕ ಕಲಿಸಿದಂತಾಯಿತು.

ಇಂಗ್ಲೆಂಡಿನ ಕ್ರಮ ಹೆಚ್ಚು ಸೌಮ್ಯವಾದದ್ದು. ‘ಅಬ್ಸರ್ವರ್’ ಪತ್ರಿಕೆ ಅದೇ ೧೯೬೭ರ ಕೊನೆಗೆ ಪ್ರೌಢಶಾಲೆಯ ಮಕ್ಕಳಿಗೆ ‘ನಾನು ಬಯಸುವ ಶಾಲೆ’ ಎಂಬ ವಿಷಯದ ಮೇಲೆ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಬಂದ ಪ್ರಬಂಧಗಳಿಂದ ಆರಿಸಿ ಎಡ್ವರ್ಡ್ ಬ್ಲಿಷೆನ್ ಎಂಬ ಲೇಖಕರು ೧೯೬೯ರಲ್ಲಿ ಪುಸ್ತಕ ಮಾಡಿದರು. ಮಕ್ಕಳು ರಜೆ ಹೆಚ್ಚಿಸಿ ಎಂದು ಕೇಳಿರಬಹುದೆಂದು ಊಹಿಸಿದವರಿಗೆ ನಿರಾಶೆ ಕಾದಿತ್ತು. ನಮಗೆ ಉಣ್ಣಿಸಬೇಡಿ, ನಾವೇ ಹುಡುಕಿ ಕಲಿಯಲು ಬಿಡಿ ಎಂಬ ಹಂಬಲವೇ ಅಲ್ಲಿ ಎದ್ದು ಕಾಣುತ್ತಿತ್ತು. ಕನ್ನಡದ ವಾರಪತ್ರಿಕೆಗಳು ಕಥಾಸ್ಪರ್ಧೆ ನಡೆಸುತ್ತವೆ, ಅಡುಗೆಯ ಸ್ಪರ್ಧೆ ನಡೆಸುತ್ತವೆ. ಇಂಥದೊಂದನ್ನೂ ನಡೆಸಿದರೆ ನಷ್ಟವೇನು?

ನಮ್ಮ ದೇಶದಲ್ಲಿ ಮಕ್ಕಳ ಪರವಾಗಿ ಬಂದ ಪ್ರಸಿದ್ಧ ಮಾತು ಹಿರಿಯರೊಬ್ಬರದು. ಮೈಸೂರಿನ ಆರ್. ಕೆ. ನಾರಾಯಣ್ ಅವರು ೧೯೮೯ರಲ್ಲಿ ರಾಜ್ಯಸಭೆಯಲ್ಲಿ ಎದ್ದು ನಿಂತು ಪುಸ್ತಕದ ಚೀಲ ಹೊತ್ತು ಬೆನ್ನು ಬಾಗಿದ ಮಕ್ಕಳ ವಿಷಯವನ್ನೆತ್ತಿದರು. ಆ ಕೂಗಿನ ಫಲವಾಗಿ ಯಶಪಾಲ್ ಸಮಿತಿ ನೇಮಕವಾಗಿ, ೧೯೯೩ರಲ್ಲಿ ಹೊರೆಯಿಲ್ಲದ ಕಲಿಕೆಯನ್ನು ಕುರಿತ ವರದಿ ಬಂತು. ೨೦೧೯ರಲ್ಲಿ ಕರ್ನಾಟಕ ಸರಕಾರ ಚೀಲದ ತೂಕಕ್ಕೆ ಮಿತಿ ಕಟ್ಟಿತು. ಮೂವತ್ತು ವರ್ಷಗಳಲ್ಲಿ ಮಾತು ಚೀಲದಿಂದ ಚೀಲಕ್ಕೇ ಬಂತು! ಹೊರೆ ತಲೆಯೊಳಗಿನದು ಎಂದು ಸಮಿತಿ ಹೇಳಿತ್ತು. ತಕ್ಕಡಿಗೆ ಸಿಕ್ಕಿದ್ದು ಬೆನ್ನಿನ ಮೇಲಿನದು.

ಏಣಿಯೂ ಗೆಜ್ಜೆಯೂ

ಕಲಿಸುವ ಕ್ರಮ ಬದಲಾಗಲೇ ಇಲ್ಲವೆನ್ನುವುದು ಅನ್ಯಾಯವಾದೀತು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಉಪಾಧ್ಯಾಯರೇ ಕೈಹಾಕಿ ರೂಪಿಸಿದ ‘ನಲಿಕಲಿ’ ಆಮೇಲೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಮಕ್ಕಳು ಸಾಲಾಗಿ ಕೂರದೆ ಗುಂಪುಗಳಲ್ಲಿ ಕೂರುತ್ತಾರೆ. ಗುಂಪಿಗೆ ‘ತಟ್ಟೆ’ ಎಂದು ಹೆಸರು. ಕಾರ್ಡುಗಳನ್ನು ಹಿಡಿದು, ಗೋಡೆಯ ಮೇಲಿನ ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲು ಯಾವುದೆಂದು ಮಗು ತಾನೇ ನೋಡಿಕೊಂಡು ಮುಂದೆ ಹೋಗುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ ಮಗು ಹಿಂದಿರುಗಿದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಪಾಠ ಅದಕ್ಕಾಗಿ ಕಾದಿರುತ್ತದೆ. ಇದು ಸಣ್ಣ ಸಂಗತಿಯಲ್ಲ. ಆದರೆ ನಾಲ್ಕನೆಯ ತರಗತಿಗೆ ಬಂದೊಡನೆ ಏಣಿ ಮುಗಿಯುತ್ತದೆ, ಎಲ್ಲರಿಗೂ ಒಂದೇ ಪುಟ. ಎತ್ತರ ಹೋದಂತೆಲ್ಲ ನೋಟ್ಸು, ಗೈಡು, ಹಳೆಯ ಪ್ರಶ್ನೆಪತ್ರಿಕೆಗಳು. ಎರಡು ಬಗೆಯ ಶಾಲೆಯನ್ನೂ ಕಂಡ ಆ ಮಗುವನ್ನು ಒಮ್ಮೆ ಕೇಳಿದರೆ, ಯಾವುದರಲ್ಲಿ ಏನು ಸುಖ, ಏನು ಕೊರತೆ ಎಂದು ಯಾವ ಸಮಿತಿಗೂ ತಿಳಿಯದ್ದನ್ನು ಹೇಳೀತು.

ಕೋಟದ ಸುತ್ತಮುತ್ತ ಇನ್ನೊಂದು ಶಾಲೆಯಿದೆ, ಅದಕ್ಕೆ ಗೋಡೆಯಿಲ್ಲ. ೧೯೭೫ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಸೇರಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದಲ್ಲಿ ಮಕ್ಕಳೇ ಗೆಜ್ಜೆ ಕಟ್ಟಿ ಯಕ್ಷಗಾನವನ್ನಾಡಿದರು. ಉಡುಪಿಯ ಕಡೆ ಈಗ ಪ್ರೌಢಶಾಲೆಗಳಲ್ಲಿಯೇ ಯಕ್ಷಗಾನ ಕಲಿಸುವ ಏರ್ಪಾಡಿದೆ. ತರಗತಿಯಲ್ಲಿ ಎದ್ದು ನಿಂತು ಎರಡು ವಾಕ್ಯ ಹೇಳಲು ತಡವರಿಸುವ ಹುಡುಗ ರಂಗಸ್ಥಳದಲ್ಲಿ ಅಭಿಮನ್ಯುವಾಗಿ, ಬರೆದುಕೊಟ್ಟದ್ದನ್ನಲ್ಲದೆ ಆಗಲೇ ಹೊಳೆದದ್ದನ್ನೂ ಸೇರಿಸಿ ಅರ್ಥ ಹೇಳುತ್ತಾನೆ. ತಾಳ ತಪ್ಪಿದರೆ ಭಾಗವತರು ಮತ್ತೆ ಹಾಡುತ್ತಾರೆ. ಕೆಂಪು ಮಸಿಯಲ್ಲಿ ಗೀಟು ಹಾಕುವುದಿಲ್ಲ. ಅದೇ ಹುಡುಗ, ಅದೇ ಕನ್ನಡ. ವ್ಯತ್ಯಾಸವೆಲ್ಲಿ ಎಂಬುದನ್ನು ಉಪಾಧ್ಯಾಯರ ತರಬೇತಿಯಲ್ಲಿ ಒಂದು ಪಾಠವಾಗಿ ಇಡಬಹುದು.

ಮಕ್ಕಳು ಹೇಳಿದ್ದೆಲ್ಲ ವೇದವಾಕ್ಯವೇ ಎಂದು ಓದುಗರು ಕೇಳಬಹುದು. ಮಗ್ಗಿ ಬೇಡವೆಂದರೆ ಬಿಡುವುದೆ? ಬಿಡಬೇಕಾಗಿಲ್ಲ. ಕಹಿ ಎಂದು ಮಗು ಮುಖ ಸಿಂಡರಿಸಿದರೂ ಔಷಧವನ್ನು ಕುಡಿಸುತ್ತೇವೆ. ಆದರೆ ವೈದ್ಯನು ಕೂಡ ಮೊದಲು ನೋವು ಎಲ್ಲಿ ಎಂದು ರೋಗಿಯನ್ನೇ ಕೇಳುತ್ತಾನೆ. ಮಕ್ಕಳ ಹಕ್ಕುಗಳ ವಿಷಯದಲ್ಲಿ ವಿಶ್ವಸಂಸ್ಥೆಯು ೧೯೮೯ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ ಹನ್ನೆರಡನೆಯ ವಿಧಿ ಹೇಳುವುದೂ ಇಷ್ಟೇ: ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಲಿ, ವಯಸ್ಸಿಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಿ. ಭಾರತ ಅದನ್ನು ೧೯೯೨ರ ಡಿಸೆಂಬರಿನಲ್ಲಿಯೇ ಒಪ್ಪಿಕೊಂಡಿತು.

ಒಪ್ಪಿಕೊಂಡ ಮೂವತ್ತು ವರ್ಷಗಳ ಅನಂತರ, ೨೦೨೨ರಲ್ಲಿ, ಕರ್ನಾಟಕದಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣೆಯ ಬಗ್ಗೆ ದೊಡ್ಡ ಗದ್ದಲವೆದ್ದಿತು. ಯಾರ ಪಾಠ ಇರಬೇಕು, ಯಾರದು ಹೋಗಬೇಕೆಂದು ತಿಂಗಳುಗಟ್ಟಲೆ ವಾದವಾಯಿತು. ಕೆಲವು ಲೇಖಕರು ತಮ್ಮ ಪಾಠಗಳಿಗೆ ಕೊಟ್ಟ ಒಪ್ಪಿಗೆಯನ್ನೇ ಹಿಂತೆಗೆದುಕೊಂಡರು. ಮರುವರ್ಷ ಸರಕಾರ ಬದಲಾಯಿತು, ಪಾಠಗಳೂ ಮತ್ತೆ ಬದಲಾದವು. ಆ ಎರಡು ವರ್ಷವೂ ಆ ಪುಸ್ತಕಗಳನ್ನು ಓದಿ ಪರೀಕ್ಷೆ ಬರೆದ ಮಕ್ಕಳಿಗೆ, ಯಾವ ಪಾಠ ಅರ್ಥವಾಯಿತು, ಯಾವುದು ತೂಕಡಿಕೆ ತರಿಸಿತು, ಯಾವುದನ್ನು ಮನೆಯಲ್ಲಿ ಅಕ್ಕನಿಗೋ ಅಜ್ಜಿಗೋ ಓದಿ ಹೇಳಬೇಕೆನಿಸಿತು ಎಂದು ಕೇಳುವ ಒಂದು ಹಾಳೆಯನ್ನು ಎರಡು ಪಕ್ಷದವರೂ ಅಚ್ಚು ಹಾಕಿಸಲಿಲ್ಲ. ಕಾಲುಸಂಕ ಬೇಕೆಂದು ಕೋಟದ ಸೀಮೆಯ ಮಗು ಅರ್ಜಿ ಬರೆದರೆ ಅದನ್ನು ತೆಗೆದುಕೊಳ್ಳಲು ಊರಿನಲ್ಲಿಯೇ ಪಂಚಾಯತಿ ಕಚೇರಿಯಿದೆ. ಆರನೆಯ ಪಾಠ ಅರ್ಥವಾಗುವುದಿಲ್ಲವೆಂದು ಬರೆದರೆ ಆ ಕಾಗದವನ್ನು ತೆಗೆದುಕೊಳ್ಳುವ ಮೇಜು ಯಾವುದೆಂದು ಮಗುವಿಗೂ ಗೊತ್ತಿಲ್ಲ, ಅದರ ಮಾಸ್ತರರಿಗೂ ಗೊತ್ತಿಲ್ಲ. ಪುಸ್ತಕ ಸಿದ್ಧವಾಗುವುದು ನಾನೂರು ಕಿಲೋಮೀಟರಿನಾಚೆ, ಬೆ೦ಗಳೂರಿನಲ್ಲಿ.